ಪಾಲಕರ ಸಹಿ

ಅಪ್ಪನ ಅಂಗಿಯ ಎಡಗಿಸೆ ನೆನಪಾದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಅಪ್ಪ ತೀರಿಕೊಂಡು ಬಹಳ ವರ್ಷಗಳಾದವು. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅಕ್ಕಾ ಎಂದು ತಂಗಿ ಗೀತಾ ಹೇಳುತ್ತಲೇ ಇರುತ್ತಾಳೆ. ಅವಳಿಗೆ ಹೇಳುವುದು ಸುಲಭ. ನಾನು ಒಂದನೆಯ ಇಯತ್ತೆಗೆ ಹೋದಂದಿನಿಂದ ನಾಲ್ಕನೆಯ ಇಯತ್ತೆಯವರೆಗೆ ಶಾಲೆಯಿಂದ ಮನೆಗೆ ಬಂದ ಪ್ರತಿಯೊಂದು ಕಾಗದವೂ ಆ ಕಿಸೆಗೆ ಹೋಯಿತು. ಹೋದವುಗಳಲ್ಲಿ ಅರ್ಧದಷ್ಟು ಹೊರಗೆ ಬರಲೇ ಇಲ್ಲ.

ನಾವಿದ್ದದ್ದು ಪುಣೆಯ ಹಳೆಯ ಪೇಟೆಯೊಂದರ ವಾಡೆಯಲ್ಲಿ. ನಡುವೆ ಕಲ್ಲು ಹಾಸಿದ ಅಂಗಳ, ಅಂಗಳದಲ್ಲಿ ಎಲ್ಲರಿಗೂ ಸೇರಿ ಒಂದೇ ನಳ, ಸುತ್ತ ಎರಡು ಅಂತಸ್ತಿನಲ್ಲಿ ಬಾಡಿಗೆದಾರರ ಕೋಣೆಗಳು. ಮೇಲಂತಸ್ತಿನ ಎರಡು ಕೋಣೆ ನಮ್ಮವು. ಒಂದರಲ್ಲಿ ಅಡಿಗೆ, ಮೂಲೆಯಲ್ಲಿ ಬಚ್ಚಲು, ನೀರಿನ ಹಂಡೆ. ಇನ್ನೊಂದರಲ್ಲಿ ಅಪ್ಪನ ಕುರ್ಚಿ, ಅಪ್ಪನ ರೇಡಿಯೋ, ಅಪ್ಪನ ಅಂಗಿ ತೂಗುಹಾಕುವ ಗೂಟ. ಉಳಿದ ಜಾಗದಲ್ಲಿ ನಾವು ಮೂವರು. ಅಪ್ಪ ಧಾರವಾಡದ ಕಡೆಯಿಂದ ಬಂದು ದೇಹೂ ರೋಡಿನ ಒಂದು ಡಿಪೋದಲ್ಲಿ ಕಾರಕೂನನಾಗಿದ್ದ. ಮರಾಠಿಯನ್ನು ಪೇಟೆಯವರಷ್ಟೇ ಸ್ವಚ್ಛವಾಗಿ ಮಾತಾಡುತ್ತಿದ್ದ, ಓದುತ್ತಿದ್ದ. ಅದರ ಬಗ್ಗೆ ಅವನಿಗೆ ಎಷ್ಟು ಹೆಮ್ಮೆಯಿತ್ತೆಂದರೆ, ಮನೆಯಲ್ಲಿ ಬೇರೆ ಯಾರಿಗೂ ಅದು ಬರುವ ಅಗತ್ಯವಿದೆ ಎಂದು ಅವನಿಗೆ ಅನಿಸಲಿಲ್ಲ.

ಬೆಳಿಗ್ಗೆ ಐದೂವರೆಗೆ ನಳಕ್ಕೆ ನೀರು ಬರುತ್ತಿತ್ತು. ಅವ್ವ ನಾಲ್ಕು ಕೊಡ ತುಂಬಿ ಮೇಲೆ ಹೊತ್ತು ತಂದು, ರೊಟ್ಟಿ ಬಡಿದು, ಅಪ್ಪನ ಡಬ್ಬಿ ಕಟ್ಟಿ, ಅವನನ್ನು ಲೋಕಲ್ ರೈಲಿಗೆ ಕಳಿಸಿದ ಮೇಲೆ ನಮ್ಮ ಸರದಿ. ತಲೆಗೆ ಎಣ್ಣೆ, ಎರಡು ಜಡೆ, ಜಡೆ ಮಡಚಿ ಕೆಂಪು ರಿಬ್ಬನ್ನು, ಎದೆಗೆ ಪಿನ್ನಿನಿಂದ ಸಿಕ್ಕಿಸಿದ ಕರವಸ್ತ್ರ. ಇಷ್ಟು ಎಲ್ಲ ದಿನವೂ ಒಂದೇ. ಆದರೆ ಶಾಲೆಯೆಂದರೆ ದಿನಕ್ಕೊಂದು ಹೊಸ ಅಪ್ಪಣೆ. ಇವತ್ತು ಉಗುರು ನೋಡುತ್ತಾರೆ, ನಾಳೆ ಬಿಳಿ ಫ್ರಾಕು, ನಾಡಿದ್ದು ಚಿತ್ರಕಲೆಗೆ ಬಣ್ಣದ ಕಡ್ಡಿ, ಶನಿವಾರ ಡಬ್ಬಿ ಬೇಡ. ಇವೆಲ್ಲ ನೇರಳೆ ಶಾಯಿಯಲ್ಲಿ ಪ್ರತಿ ತೆಗೆದ ಸಣ್ಣ ಸಣ್ಣ ಕಾಗದಗಳಲ್ಲಿ ಮರಾಠಿಯಲ್ಲಿ ಮನೆಗೆ ಬರುತ್ತಿದ್ದವು, ಅಪ್ಪನ ಕಿಸೆಗೆ ಹೋಗುತ್ತಿದ್ದವು. ಕೆಳಗೆ ಪಾಲಕರ ಸಹಿ ಬೇಕೆಂದಿದ್ದರೆ ಓದದೆ ಸಹಿ ಹಾಕಿ ಕೊಡುತ್ತಿದ್ದ. ಏನು ಬರೆದಿದೆ ಎಂದು ಅವ್ವನಿಗೆ ಹೇಳುತ್ತಿರಲಿಲ್ಲ.

ಅದಕ್ಕೆ ಅವ್ವ ಏನು ಮಾಡುತ್ತಿದ್ದಳು ಗೊತ್ತೇ? ನಮ್ಮನ್ನು ತಯಾರು ಮಾಡಿ, ಗ್ಯಾಲರಿಯಲ್ಲಿ ನಿಂತು ಕೆಳಗೆ ನೋಡುತ್ತಿದ್ದಳು. ವಾಡೆಯ ಇನ್ನಿಬ್ಬರು ಹುಡುಗಿಯರು ನಮ್ಮ ಶಾಲೆಗೇ ಹೋಗುತ್ತಿದ್ದರು. ಅವರು ಬಿಳಿ ಫ್ರಾಕು ಹಾಕಿಕೊಂಡು ಅಂಗಳಕ್ಕೆ ಇಳಿದರೆ ಅವ್ವ ಓಡಿ ಒಳಗೆ ಬಂದು ನನ್ನ ನೀಲಿ ಫ್ರಾಕು ಬಿಚ್ಚಿ, ಟ್ರಂಕಿನಿಂದ ಬಿಳಿಯದನ್ನು ಎಳೆದು, ಇಸ್ತ್ರಿಯಿಲ್ಲದೆ ಹಾಕಿ, ಜಡೆ ಕೆದರಿದ್ದನ್ನು ಕೈಯಿಂದ ಒತ್ತಿ ಕಳಿಸುತ್ತಿದ್ದಳು. ಮಂದಿಯ ಮಕ್ಕಳನ್ನು ನೋಡಿ ತನ್ನ ಮಗಳ ಶಾಲೆಯನ್ನು ತಿಳಿದುಕೊಳ್ಳಬೇಕಾಗಿತ್ತು ಆಕೆ. ಎದುರು ಕೋಣೆಯ ಮರಾಠಿ ಕಾಕೂ ಒಮ್ಮೆ ತಾನು ಓದಿ ಹೇಳುತ್ತೇನೆ ಎಂದಿದ್ದಳು. ಅಪ್ಪನಿಗೆ ಅದೂ ಸರಿಬರಲಿಲ್ಲ.

"ನಮ್ಮ ಮನಿ ಕಾಗದ ಮಂದಿ ಮುಂದ ಹಿಡಿಯೂದು ಬ್ಯಾಡ. ನಾ ಇದ್ದೀನಲ್ಲ."

ಅವ್ವ ಓದು ಬಾರದವಳಾಗಿರಲಿಲ್ಲ. ಇದನ್ನು ನಾನು ಒತ್ತಿ ಹೇಳಬೇಕು, ಏಕೆಂದರೆ ಪುಣೆಯಲ್ಲಿ ಯಾರೂ ಇದನ್ನು ನಂಬಲಿಲ್ಲ. ಆಕೆ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯನ್ನು ತನ್ನ ಊರಿನ ಹೆಣ್ಣುಮಕ್ಕಳಲ್ಲಿ ಮೊದಲನೆಯವಳಾಗಿ ಪಾಸಾಗಿದ್ದಳು. ಸಾಮಾನು ಕಟ್ಟಿಕೊಂಡು ಬಂದ ಕನ್ನಡ ಪತ್ರಿಕೆಯ ತುಂಡನ್ನೂ ಬಿಡದೆ ಓದುತ್ತಿದ್ದಳು. ತವರಿಗೆ ಬರೆಯುತ್ತಿದ್ದ ಪತ್ರಗಳಲ್ಲಿ ಆಕೆಯ ಅಕ್ಷರ ಅಪ್ಪನದಕ್ಕಿಂತ ಚೆನ್ನಾಗಿರುತ್ತಿತ್ತು. ಮರಾಠಿ ಅಕ್ಷರ ಮಾತ್ರ ಆಕೆಗೆ ಬರುತ್ತಿರಲಿಲ್ಲ. ಹಗ್ಗಕ್ಕೆ ಒಣಹಾಕಿದ ಅರಿವೆಯಂಗ ಕಾಣತಾವ ಇವು ಎನ್ನುತ್ತಿದ್ದಳು.

ನಾನು ಎರಡನೆಯ ಇಯತ್ತೆಯಲ್ಲಿದ್ದಾಗ ದೀಪಾವಳಿಯ ರಜೆಗೆ ಮೊದಲು ಒಂದು ಕಾಗದ ಬಂತು. ರಜೆ ಮುಗಿದ ಮೇಲೆ ನಮ್ಮ ಶಾಲೆ ಬೆಳಿಗ್ಗೆ ಏಳಕ್ಕಲ್ಲ, ಮಧ್ಯಾಹ್ನ ಹನ್ನೆರಡಕ್ಕೆ ಶುರುವಾಗುವುದು ಎಂದು ಅದರಲ್ಲಿತ್ತು. ಅದೂ ಕಿಸೆಗೆ ಹೋಯಿತು. ರಜೆ ಮುಗಿದ ದಿನ ಅವ್ವ ಎಂದಿನಂತೆ ಏಳಕ್ಕೆ ನನ್ನನ್ನು ಗೇಟಿನ ಬಳಿ ಬಿಟ್ಟು, ಗೇಟು ಇನ್ನೇನು ತೆರೆಯುತ್ತದೆಂದು ತಿಳಿದು, ಮನೆಯಲ್ಲಿ ಗೀತಾ ಮಲಗಿದ್ದಾಳೆಂದು ಲಗುಬಗೆಯಿಂದ ಹಿಂದಿರುಗಿದಳು. ವಾಡೆಯ ಹುಡುಗಿಯರು ಆ ದಿನ ಕೆಳಗಿಳಿದಿರಲಿಲ್ಲ. ಅವರಿನ್ನೂ ಊರಿನಿಂದ ಬಂದಿಲ್ಲ ಎಂದುಕೊಂಡಿದ್ದಳು. ಒಬ್ಬಳೇ ರಸ್ತೆ ದಾಟಬಾರದೆಂದು ನನಗೆ ಹೇಳಿದ್ದರಿಂದ ನಾನು ಮುಚ್ಚಿದ ಗೇಟಿಗೆ ಬೆನ್ನು ಹಚ್ಚಿ ಕುಳಿತೆ. ಐದು ತಾಸು ಕುಳಿತೆ. ಡಬ್ಬಿಯಲ್ಲಿದ್ದ ರೊಟ್ಟಿ ಮುಗಿಯಿತು. ಫ್ರಾಕಿನಲ್ಲೇ ಉಚ್ಚೆ ಹೊಯ್ದುಕೊಂಡೆ. ಹನ್ನೆರಡಕ್ಕೆ ಅವ್ವ ನನ್ನನ್ನು ಕರೆದೊಯ್ಯಲು ಬಂದಾಗ ಉಳಿದ ತಾಯಂದಿರು ತಮ್ಮ ಮಕ್ಕಳನ್ನು ಬಿಡಲು ಬಂದಿದ್ದರು. ನನ್ನ ಒದ್ದೆ ಫ್ರಾಕನ್ನು ತನ್ನ ಸೆರಗಿನಿಂದ ಮುಚ್ಚಿ ಅವ್ವ ಅವರೆಲ್ಲರ ನಡುವೆ ನನ್ನನ್ನು ಎತ್ತಿಕೊಂಡು ಬಂದಳು. ಸಂಜೆ ಅಪ್ಪ ಕಾಗದವನ್ನು ನೆನಪಿಸಿಕೊಂಡ.

"ಹೌದಲ್ಲ, ಬಂದಿತ್ತು ಒಂದು ಕಾಗದ," ಎಂದು ನಕ್ಕ. "ಏನಾತೀಗ? ಕೂಸೇನ್ ಕಳದಿಲ್ಲಲ್ಲ."

ಅವ್ವ ಆಗ ಏನೂ ಅನ್ನಲಿಲ್ಲ. ಆಕೆ ಏಕೆ ಸುಮ್ಮನಿದ್ದಳು ಎಂದು ನನಗೆ ಆಕೆಯ ಮೇಲೂ ಸಿಟ್ಟಿದೆ.

ನಮ್ಮ ಶಾಲೆಯಲ್ಲಿ ಶಿಕ್ಷಕಿಯರನ್ನು ಬಾಯಿ ಎಂದೇ ಕರೆಯುತ್ತಿದ್ದರು. ಒಂದರಿಂದ ನಾಲ್ಕರವರೆಗೆ ನಮಗೆ ಒಬ್ಬರೇ ಬಾಯಿ. ನಾಲ್ಕನೆಯ ಇಯತ್ತೆಯ ಆರಂಭದಲ್ಲಿ ಅವರು ಸ್ಕಾಲರ್‌ಶಿಪ್ ಪರೀಕ್ಷೆಗೆ ಹತ್ತು ಹುಡುಗಿಯರನ್ನು ಆರಿಸಿದರು. ಅದರಲ್ಲಿ ನಾನೂ ಒಬ್ಬಳು. ಶಾಲೆ ಬಿಟ್ಟ ಮೇಲೆ ದಿನವೂ ಒಂದು ತಾಸು ಹೆಚ್ಚಿನ ಪಾಠ, ಅದಕ್ಕೆ ಪಾಲಕರ ಒಪ್ಪಿಗೆ ಬೇಕು, ಶನಿವಾರದೊಳಗೆ ಸಹಿ ಮಾಡಿಸಿ ತರಬೇಕು ಎಂದು ಕಾಗದ ಕೊಟ್ಟರು. ಅದು ಗುರುವಾರ. ಆಗ ನನಗೆ ಓದಲು ಚೆನ್ನಾಗಿ ಬರುತ್ತಿತ್ತು. ದಾರಿಯುದ್ದಕ್ಕೂ ಓದಿಕೊಂಡು ಬಂದೆ, ಅವ್ವನಿಗೆ ಹೇಳಿದೆ, ಅವ್ವ ನನ್ನ ಕೆನ್ನೆ ಸವರಿ ಬೆಲ್ಲ ಕೊಟ್ಟಳು. ಸಂಜೆ ಅಪ್ಪನಿಗೆ ಕಾಗದ ಕೊಟ್ಟೆ.

"ಛಲೋ ಆತು. ಮುಂಜಾನೆ ಸಹಿ ಮಾಡಿ ಕೊಡತೀನಿ," ಎಂದು ಕಿಸೆಗೆ ಹಾಕಿದ.

ಶುಕ್ರವಾರ ನಾನು ಏಳುವುದರೊಳಗೆ ರೈಲಿಗೆ ಹೋಗಿದ್ದ. ಸಂಜೆ ಕೇಳಿದರೆ, "ತಡಿಯವಾ, ಈಗ ಬಂದೀನಿ," ಎಂದ. ಊಟವಾದ ಮೇಲೆ ಅವ್ವ ಕೇಳಿದಳು. "ಅದರ ಹಿಂದ ಯಾಕ ಬಿದ್ದೀರಿ ತಾಯಿ ಮಗಳು? ಮಾಡತೀನಿ ಅಂದೆನಲ್ಲ," ಎಂದು ರೇಡಿಯೋ ಹಚ್ಚಿದ. ಶನಿವಾರ ಬೇರೆ ಅಂಗಿ ಹಾಕಿಕೊಂಡು ಹೋದ. ಬೇಡವೆಂದಿದ್ದರೆ, ಹೆಣ್ಣುಮಕ್ಕಳಿಗೆ ಯಾಕೆ ಪರೀಕ್ಷೆ ಎಂದಿದ್ದರೆ, ನಾನು ಜಗಳವಾಡಬಹುದಿತ್ತು. ಅವನು ಬೇಡ ಅನ್ನಲಿಲ್ಲ. ಮರೆತ. ನನ್ನ ಬಾಳಿನ ಮೊದಲ ದೊಡ್ಡ ವಿಷಯವನ್ನು ಅವನು ಮರೆತ, ಅಷ್ಟೇ.

ಶನಿವಾರ ಒಂಬತ್ತು ಹುಡುಗಿಯರು ಕಾಗದ ಕೊಟ್ಟರು. ನಾನು ಬರಿಗೈಯಲ್ಲಿ ನಿಂತೆ. ಸೋಮವಾರ ತರುತ್ತೇನೆ ಎಂದೆ. ಬಾಯಿ ಕಾಯಲಿಲ್ಲ, ಹಿಂದಿನ ಬೆಂಚಿನ ಹುಡುಗಿಯೊಬ್ಬಳ ಹೆಸರನ್ನು ನನ್ನ ಜಾಗಕ್ಕೆ ಬರೆದುಕೊಂಡರು. ಬರೆಯುತ್ತ, ಇಡೀ ವರ್ಗ ಕೇಳುವಂತೆ ಹೇಳಿದರು.

"ಘರೀ ಆಯೀ ಅಡಾಣಿ ಅಸಲೀ ಕೀ ಅಸಂಚ ಹೋತಂ."

ಮನೆಯಲ್ಲಿ ತಾಯಿ ಓದುಬರಹವಿಲ್ಲದ ಹೆಡ್ಡಿಯಾದರೆ ಹೀಗೇ ಆಗುವುದು. ಕೆಲವರು ನಕ್ಕರು. ಕಿಸೆ ಅಪ್ಪನದು, ಮರೆವು ಅಪ್ಪನದು, ಹೆಡ್ಡಿ ಎನಿಸಿಕೊಂಡವಳು ಮಾತ್ರ ಅವ್ವ. ನಾನು ತಲೆ ತಗ್ಗಿಸಿಕೊಂಡು ಕುಳಿತೆ. ಮನೆಗೆ ಬಂದು ಹೆಸರು ಹೋಯಿತೆಂದು ಅತ್ತೆ, ಆದರೆ ಬಾಯಿ ಅಂದದ್ದನ್ನು ಮಾತ್ರ ಅವ್ವನಿಗೆ ಹೇಳಲಿಲ್ಲ.

ಸೋಮವಾರ ಅವ್ವ ಅಂಗಳದ ಕಲ್ಲಿನ ಮೇಲೆ ಅಪ್ಪನ ಅಂಗಿ ಒಗೆಯುತ್ತಿದ್ದಾಗ ಎಡಗಿಸೆಯಿಂದ ಮುದ್ದೆಯಾದ ಕಾಗದ ಹೊರಬಂತು. ನೇರಳೆ ಶಾಯಿ ಬಿಳಿ ಅಂಗಿಯ ಎದೆಯ ತುಂಬ ಹರಡಿತು. ಸಂಜೆ ಅಪ್ಪ ಅಂಗಿ ನೋಡಿ ಕೂಗಾಡಿದ. ಅವನ ಕಣ್ಣಿಗೆ ಬಿದ್ದದ್ದು ಕಲೆ.

"ಕಿಸೆ ನೋಡದ ತೋಯಿಸ್ತಾರೇನು? ಹೊಸಾ ಅಂಗಿ ಹಾಳ ಮಾಡಿದಿ."

"ಅಂಗಿ ಇರಲಿ ಬಿಡ್ರಿ. ಕೂಸಿನ ಪರೀಕ್ಷಾ ಹೋತಲ್ಲ," ಎಂದಳು ಅವ್ವ.

"ಅದಕ್ಕ ನಾ ಏನ್ ಮಾಡ್ಲಿ? ನೆನಪು ಮಾಡಬೇಕಾಗಿತ್ತು ನೀವು."

"ಎರಡು ಸಲ ಮಾಡೇವಿ. ಆ ಕಾಗದ ನನ್ನ ಕೈಯಾಗ ಕೊಟ್ಟಿದ್ರ ಹಿಂಗ ಆಗ್ತಿರಲಿಲ್ಲ."

ಅಪ್ಪ ಕಲೆಯಾದ ಅಂಗಿಯನ್ನು ಆಕೆಯ ಮುಂದೆ ಎಸೆದ.

"ನಿನ್ನ ಕೈಯಾಗ ಕೊಟ್ಟು ಏನ್ ಮಾಡೂದಿತ್ತು? ಓದಾಕ ಬರ್ತದೇನು ನಿನಗ?"

ಮರುದಿನ ಅಪ್ಪ ಹೋದ ಮೇಲೆ ಅವ್ವ ಒಂದನೆಯ ಇಯತ್ತೆಯಲ್ಲಿದ್ದ ಗೀತಾಳ ಪುಸ್ತಕ, ನನ್ನ ಹಳೆಯ ಪಾಟಿ ತಂದು ನನ್ನೆದುರು ಕುಳಿತಳು.

"ಹೇಳ. ಇದು ಯಾವ ಅಕ್ಷರ?"

ನಾನು ಹೇಳಿದೆ. ಆಕೆ ಪಕ್ಕದಲ್ಲಿ ಅದರ ಕನ್ನಡ ಅಕ್ಷರ ಬರೆದಳು. ನಮ್ಮ ಶಾಲೆ ಮಧ್ಯಾಹ್ನವಾದ್ದರಿಂದ ಬೆಳಿಗ್ಗೆ ಒಂದು ತಾಸು ಸಿಗುತ್ತಿತ್ತು. ಪ್ರೀತಿಯಿಂದ ಕಲಿತಳೆಂದು ಹೇಳಲಾರೆ. ಹಲ್ಲು ಕಚ್ಚಿ ಕಲಿತಳು. ಬಳಪವನ್ನು ಎಷ್ಟು ಒತ್ತಿ ಬರೆಯುತ್ತಿದ್ದಳೆಂದರೆ ಪಾಟಿಯ ಮೇಲೆ ಗೀರು ಉಳಿಯುತ್ತಿತ್ತು. ತಪ್ಪಾದರೆ ಸೆರಗಿನಿಂದಲ್ಲ, ಅಂಗೈಯಿಂದ ಉಜ್ಜಿ ಅಳಿಸುತ್ತಿದ್ದಳು. ಎರಡು ತಿಂಗಳಲ್ಲಿ ಗೀತಾಳ ಪುಸ್ತಕ ಮುಗಿಸಿದಳು, ಗಣಪತಿ ಹಬ್ಬದ ಹೊತ್ತಿಗೆ ಅಂಗಡಿಗಳ ಬೋರ್ಡು ಓದತೊಡಗಿದಳು. ಅಲ್ಲಿಂದ ಮುಂದೆ ಶಾಲೆಯ ಕಾಗದ ಅಪ್ಪ ಬರುವುದರೊಳಗೆ ಆಕೆಯ ಕೈಗೆ ಹೋಗಬೇಕು ಎಂದು ನಮಗಿಬ್ಬರಿಗೂ ಹೇಳಿದಳು. ಓದಿ, ಅದರಲ್ಲಿದ್ದುದನ್ನು ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಗೆ ಕನ್ನಡದಲ್ಲಿ ಬರೆದು ಅಡಿಗೆಕೋಣೆಯ ಬಾಗಿಲಿಗೆ ಮೊಳೆ ಹೊಡೆದಳು. ಸೋಮವಾರ ಉಗುರು. ಬುಧವಾರ ಬಣ್ಣದ ಕಡ್ಡಿ. ಶನಿವಾರ ಬಿಳಿ ಫ್ರಾಕು, ಸಾಲಿ ಏಳಕ್ಕ, ಡಬ್ಬಿ ಬ್ಯಾಡ. ದೇವಿ ಸೂಜಿ ಹಾಕೂದು ಇಪ್ಪತ್ತಕ್ಕ, ಜ್ವರ ಇದ್ರ ಕಳಸಬಾರದು. ಬೆಳಿಗ್ಗೆ ಗ್ಯಾಲರಿಯಲ್ಲಿ ನಿಂತು ಕೆಳಗೆ ನೋಡುವುದನ್ನು ಆಕೆ ಬಿಟ್ಟಳು.

ವಾಡೆಯ ಹಿಂದೆ ಒಂದು ಕಟ್ಟಡದ ಕೆಲಸ ನಡೆದಿತ್ತು. ಕಲಬುರಗಿ ಕಡೆಯಿಂದ ಬಂದ ಹೆಂಗಸರು ಅಲ್ಲಿ ಸಿಮೆಂಟಿನ ಬುಟ್ಟಿ ಹೊರುತ್ತಿದ್ದರು. ಅವರಲ್ಲಿ ಮಲ್ಲಮ್ಮ ಎಂಬಾಕೆಯ ಮಗಳು ಗೀತಾಳ ವರ್ಗದಲ್ಲಿದ್ದಳು. ಒಂದು ಸಂಜೆ ಮಲ್ಲಮ್ಮ ಸಿಮೆಂಟು ಮೆತ್ತಿದ ಕೈಯಲ್ಲಿ ಒಂದು ಕಾಗದ ಹಿಡಿದು ನಮ್ಮ ಬಾಗಿಲಿಗೆ ಬಂದಳು.

"ಅಕ್ಕಾ, ಇದರಾಗ ಏನ್ ಬರದಾರ ನೋಡ್ರಿ. ನಾಕ ದಿನಾ ಆತು, ಯಾರಿಗ್ ಕೇಳಬೇಕೋ ತಿಳೀವಲ್ದು."

ಹುಟ್ಟಿದ ತಾರೀಖಿನ ದಾಖಲೆ ತರದಿದ್ದರೆ ಮಗುವಿನ ಹೆಸರನ್ನು ಶಾಲೆಯ ಹಾಜರಿ ಪಟ್ಟಿಯಿಂದ ತೆಗೆಯಲಾಗುವುದು ಎಂದಿತ್ತು. ಮರುದಿನವೇ ಕೊನೆಯ ದಿನ. ಅವ್ವ ಆಕೆಯನ್ನು ಕೂಡಿಸಿ, ಯಾರ ಬಳಿ ಹೋಗಬೇಕು, ಏನು ಕೇಳಬೇಕು ಎಂದು ಬಿಡಿಸಿ ಹೇಳುತ್ತಿದ್ದಾಗಲೇ ಅಪ್ಪ ಕೆಲಸದಿಂದ ಬಂದ. ಮಲ್ಲಮ್ಮ ಎದ್ದು ಗೋಡೆಗೆ ಸರಿದಳು. ಆಕೆ ಮೆಟ್ಟಿಲಿಳಿಯುವವರೆಗೂ ಅವನು ತಾಳಲಿಲ್ಲ.

"ಮನೀನ ಚಾವಡಿ ಮಾಡೀಯೇನು? ಕಂಡಕಂಡವರ ಕಾಗದ ಓದಾಕ ನೀ ಯಾರು?"

"ಓದಾಕ ಬರೂವಾಕಿ," ಎಂದಳು ಅವ್ವ, ಮತ್ತು ಒಲೆಯ ಕಡೆ ತಿರುಗಿದಳು. ಅಪ್ಪ ಎರಡು ದಿನ ಮನೆಯಲ್ಲಿ ಉಣ್ಣಲಿಲ್ಲ. ಅವ್ವ ಎರಡೂ ದಿನ ಅವನ ಪಾಲಿನ ರೊಟ್ಟಿಯನ್ನು ಮಲ್ಲಮ್ಮನ ಮನೆಗೆ ಕಳಿಸಿದಳು.

ದೀಪಾವಳಿಯ ನಂತರ ಅರ್ಧವಾರ್ಷಿಕ ಪರೀಕ್ಷೆಯ ಪ್ರಗತಿ ಪುಸ್ತಕ ಕೊಟ್ಟರು. ನಾನು ವರ್ಗಕ್ಕೆ ಎರಡನೆಯವಳು. ಅವ್ವ ಪ್ರತಿ ವಿಷಯದ ಮುಂದಿದ್ದ ಅಂಕಗಳನ್ನು ಬೆರಳಿಟ್ಟು ಓದಿ, ಕೆಳಗೆ ಪಾಲಕರ ಸಹಿ ಎಂದಿದ್ದಲ್ಲಿ ನನ್ನ ಪೆನ್ನಿನಿಂದ ಕನ್ನಡದಲ್ಲಿ ನೀಲಾವತಿ ಎಂದು ಬರೆದಳು. ಮರಾಠಿಯಲ್ಲಿ ಬರೆಯಲು ಆಕೆಗೆ ಆಗ ಬರುತ್ತಿತ್ತು. ಮರಾಠಿಯಲ್ಲೇ ಮಾಡು, ಬಾಯಿ ಏನಾದರೂ ಅಂದಾರು ಎಂದೆ.

"ನನ್ನ ಹೆಸರು ನಾ ಹಿಂಗ ಬರೀತೀನಿ," ಎಂದಳು.

ಬಾಯಿ ಆ ಸಹಿಯ ಸುತ್ತ ಕೆಂಪು ಪೆನ್ನಿನಿಂದ ಗುಂಡು ಸುತ್ತಿ, ಇದೇನು ಗೀಚಿದ್ದು, ತಂದೆಯ ಸಹಿ ಮಾಡಿಸಿಕೊಂಡು ಬಾ ಎಂದು ಹಿಂದಕ್ಕೆ ಕೊಟ್ಟರು. ಅಪ್ಪ ಪುಸ್ತಕ ತೆಗೆದುಕೊಂಡ. ಎರಡನೆಯ ನಂಬರಿನ ಬಗ್ಗೆ ಒಂದು ಮಾತಿಲ್ಲ. ಅವ್ವನ ಹೆಸರಿನ ಮೇಲೆ ಅಡ್ಡ ಎರಡು ಗೆರೆ ಎಳೆದು, ಪಕ್ಕದಲ್ಲಿ ತನ್ನ ಸಹಿ ಹಾಕಿದ. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಆ ಎರಡು ಗೆರೆ ಎಳೆಯುವಾಗ ಅಪ್ಪ ಸ್ಕೇಲು ಕೇಳಿ ತೆಗೆದುಕೊಂಡಿದ್ದ. ಸ್ಕೇಲು ಕೊಟ್ಟವಳು ನಾನು.

ಮರುದಿನ ಅವ್ವ ಇಳಕಲ್ ಸೀರೆ ಉಟ್ಟು, ಪ್ರಗತಿ ಪುಸ್ತಕವನ್ನೂ ಆವರೆಗೆ ಕೂಡಿಟ್ಟ ಶಾಲೆಯ ಕಾಗದಗಳನ್ನೂ ಚೀಲದಲ್ಲಿಟ್ಟುಕೊಂಡು ನಮ್ಮೊಂದಿಗೆ ಶಾಲೆಗೆ ಬಂದಳು. ಗೀತಾಳನ್ನು ಅವಳ ವರ್ಗಕ್ಕೆ ಕಳಿಸಿ, ನನ್ನ ಕೈ ಹಿಡಿದು ನೇರವಾಗಿ ಮುಖ್ಯಾಧ್ಯಾಪಿಕೆಯ ಕೋಣೆಗೆ ನಡೆದಳು. ಶಿಪಾಯಿ ತಡೆದದ್ದನ್ನು ಲೆಕ್ಕಿಸಲಿಲ್ಲ. ಮುಖ್ಯಾಧ್ಯಾಪಿಕೆ ನಮ್ಮ ಬಾಯಿಯನ್ನು ಕರೆಸಿದರು. ಅವ್ವ ಕಾಗದಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹರಡಿದಳು. ಪ್ರತಿಯೊಂದನ್ನೂ ಗಟ್ಟಿಯಾಗಿ ಓದಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. ಆಕೆಯ ಮರಾಠಿಯಲ್ಲಿ ಧಾರವಾಡದ ಎಳೆತ ತುಂಬಿತ್ತು, ಆದರೆ ಒಂದಕ್ಷರವೂ ತಪ್ಪಲಿಲ್ಲ.

"ಬಾಯಿ, ಇಥೇ ಪಾಲಕ ಲಿಹಿಲಂಯ. ವಡೀಲ ಕುಠೇ ಲಿಹಿಲಂಯ?"

ಇಲ್ಲಿ ಪಾಲಕರು ಎಂದು ಬರೆದಿದೆ, ತಂದೆ ಎಂದು ಎಲ್ಲಿ ಬರೆದಿದೆ? ನನ್ನ ಮಕ್ಕಳಿಗೆ ಉಣ್ಣಿಸಿ, ಉಡಿಸಿ ಇಲ್ಲಿಗೆ ಕಳಿಸುವವಳು ನಾನು, ಪಾಲಕ ಯಾರು ನೀವೇ ಹೇಳಿ ಎಂದು ಅವ್ವ ಕೇಳಿದಳು. ಮುಖ್ಯಾಧ್ಯಾಪಿಕೆ ಪ್ರಗತಿ ಪುಸ್ತಕ ತೆರೆದು ಆ ಎರಡು ಗೆರೆಗಳನ್ನು ನೋಡಿದರು. ಇನ್ನು ಮುಂದೆ ತಾಯಿಯ ಸಹಿಯೂ ನಡೆಯುತ್ತದೆ, ಯಾವ ಲಿಪಿಯಲ್ಲಾದರೂ ಸರಿ ಎಂದರು. ಹಾಗಾದರೆ ಸ್ಕಾಲರ್‌ಶಿಪ್ ಪರೀಕ್ಷೆಗೆ ಇವಳನ್ನು ಕೂಡಿಸಿ ಎಂದಳು ಅವ್ವ. ಫಾರಂಗಳು ಹೋಗಿಬಿಟ್ಟಿವೆ, ಈ ವರ್ಷ ಏನೂ ಮಾಡಲಾಗದು ಎಂದರು. ಆಗ ಬಾಯಿ ತಮ್ಮನ್ನು ಸಮರ್ಥಿಸಿಕೊಳ್ಳತೊಡಗಿದರು. ತಾಯಿ ಅಡಾಣಿ ಎಂದೇ ನಾವು ತಿಳಿದಿದ್ದೆವು, ವರ್ಗದಲ್ಲೂ ಹಾಗೆ ಅಂದಿದ್ದೆ, ಈ ಹುಡುಗಿಯಾದರೂ ಅಲ್ಲವೆಂದು ಹೇಳಬಹುದಿತ್ತಲ್ಲ ಎಂದರು.

ಅವ್ವ ಕಾಗದಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಗೆ ಬಂದಳು. ನಡುಮನೆಯಂತಿದ್ದ ಶಾಲೆಯ ಉದ್ದ ಪಡಸಾಲೆಯಲ್ಲಿ ನನ್ನನ್ನು ನಿಲ್ಲಿಸಿದಳು.

"ನಿನ್ನ ಮುಂದ ಅಂದ್ರೇನು, ನನಗ ಅಡಾಣಿ ಅಂತ?"

"ಹೂಂ."

"ನೀ ಏನಂದಿ?"

"ಏನೂ ಅನಲಿಲ್ಲ."

"ಮತ್ತ ನಿಮ್ಮಪ್ಪಗ ನಾ ಯಾಕ ಬೈಲಿ? ನೀನೂ ಸುಮ್ನ ಕುಂತಿ, ಹೌದಲ್ಲ."

ಬೈದಿದ್ದರೆ, ಹೊಡೆದಿದ್ದರೆ ಸಹಿಸಬಹುದಿತ್ತು. ಆಕೆ ಅಷ್ಟು ಹೇಳಿ, ಹಿಂದಿರುಗಿ ನೋಡದೆ ಗೇಟಿನ ಕಡೆ ನಡೆದಳು. ಅಪ್ಪ ಆ ದಿನದ ನಂತರ ಶಾಲೆಯ ಯಾವ ಕಾಗದಕ್ಕೂ ಕೈ ಹಚ್ಚಲಿಲ್ಲ. ತಪ್ಪಾಯಿತು ಎಂದೂ ಯಾವತ್ತೂ ಅನ್ನಲಿಲ್ಲ. ಮೂರು ವರ್ಷದ ನಂತರ ಗೀತಾಳ ಹೆಸರು ಸ್ಕಾಲರ್‌ಶಿಪ್ಪಿಗೆ ಬಂದಾಗ ಅವ್ವ ನಿಂತ ಕಾಲಲ್ಲಿ ಸಹಿ ಮಾಡಿಕೊಟ್ಟಳು. ಗೀತಾ ಪಾಸಾದಳು, ಅಪ್ಪ ವಾಡೆಗೆಲ್ಲ ಪೇಢೆ ಹಂಚಿದ. ನಾನು ನನ್ನ ಪೇಢೆಯನ್ನು ತಿನ್ನಲಿಲ್ಲ. ಒಂದು ವರ್ಷ ತಂಗಿಯೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಅವಳದೇನೂ ತಪ್ಪಿರಲಿಲ್ಲ ಎಂದು ಆಗಲೂ ಗೊತ್ತಿತ್ತು.

ಆ ದಿನ ಅವ್ವ ಗೇಟು ದಾಟುವವರೆಗೂ ನಾನು ಪಡಸಾಲೆಯಲ್ಲೇ ನಿಂತಿದ್ದೆ. ಆಮೇಲೆ ವರ್ಗಕ್ಕೆ ಹೋದೆ. ಬಾಯಿ ನನಗಿಂತ ಮೊದಲೇ ಬಂದು ಬೋರ್ಡಿನ ಮೇಲೆ ನದಿಗಳ ಹೆಸರು ಬರೆಯುತ್ತಿದ್ದರು. ನನ್ನ ಜಾಗದಲ್ಲಿ ನಿಂತುಕೊಂಡು, ನನ್ನ ಅವ್ವ ಅಡಾಣಿ ಅಲ್ಲ, ಆಕೆ ಏಳನೆಯ ಇಯತ್ತೆ ಪಾಸಾಗಿದ್ದಾಳೆ, ಕನ್ನಡದಲ್ಲಿ ಎಂದು ಮರಾಠಿಯಲ್ಲಿ ಹೇಳಿದೆ. ಹಿಂದಿನ ಬೆಂಚಿಗೂ ಕೇಳಿಸಿತು. ಬಾಯಿ ತಿರುಗಿ ನೋಡಿದರು.

"ಖಾಲಿ ಬಸ," ಎಂದರು. ಕೂತುಕೋ.

ನಾನು ಕೂಡಲಿಲ್ಲ. ಮತ್ತೊಮ್ಮೆ ಅಂದರು. ಆಗಲೂ ಕೂಡಲಿಲ್ಲ. ಅವರು ಬೋರ್ಡಿನ ಕಡೆ ತಿರುಗಿ ಬರೆಯತೊಡಗಿದರು. ನಾನು ವಹಿಯನ್ನು ಎಡಗೈಯಲ್ಲಿ ಹಿಡಿದುಕೊಂಡು, ತಾಸು ಮುಗಿದ ಗಂಟೆ ಹೊಡೆಯುವವರೆಗೆ, ನಿಂತುಕೊಂಡೇ ಎಲ್ಲ ನದಿಗಳ ಹೆಸರನ್ನೂ ಬರೆದುಕೊಂಡೆ.